ಕೆರೆಗೆ ಒಡೆಯರು ಹಲವರು, ಕೆರೆಗಿಳಿದವರಿಗೆ ಯಾರು?

ಶರಾವತಿ ಹಿನ್ನೀರಿಗೆ ಅಡ್ಡಲಾಗಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವೆ ಕಟ್ಟಲಾದ ಸೇತುವೆ 2025ರ ಜುಲೈ 14ರಂದು ಉದ್ಘಾಟನೆಗೊಂಡಿತು. ದಶಕಗಳ ಕಾಲ ಲಾಂಚಿನ ಸರದಿಗಾಗಿ ದಡದಲ್ಲಿ ಕಾದು ನಿಂತ ಆ ಭಾಗದ ಜನರಿಗೆ ಇದು ನಿಜಕ್ಕೂ ಬಿಡುಗಡೆ. ಜೊತೆಗೆ ನಮ್ಮ ಕರಾವಳಿಯವರಿಗೂ ಒಂದು ಹೊಸ ದಾರಿ ತೆರೆದಂತಾಯಿತು. ಕುಂದಾಪುರ, ಬೈಂದೂರು ಕಡೆಯಿಂದ ಮುಂಜಾನೆ ಹೊರಟ ವಾಹನ ಕೊಲ್ಲೂರು ದಾಟಿ, ಘಾಟಿ ಹತ್ತಿ, ಸಿಗಂದೂರಿನ ಮೇಲೆ ಹಾದು ಸಾಗರ ಸೇರುತ್ತದೆ. ಅಲ್ಲಿಂದ ಇಕ್ಕೇರಿ, ಕೆಳದಿ, ಸೊರಬ, ಬನವಾಸಿ ಎಲ್ಲವೂ ಹತ್ತಿರವೇ. ಶಾಲೆಗಳು, ಯುವ ಸಂಘಟನೆಗಳು, ಕುಟುಂಬಗಳು ಒಂದು ದಿನದ ಪ್ರವಾಸಕ್ಕೆ ಈ ದಾರಿಯನ್ನು ಆರಿಸಿಕೊಳ್ಳತೊಡಗಿದರೆ ಅಚ್ಚರಿಪಡಬೇಕಾಗಿಲ್ಲ.

ಈ ದಾರಿಯ ಒಂದು ತುದಿಯಲ್ಲಿ, ಸೊರಬ ತಾಲೂಕಿನ ಆನವಟ್ಟಿ ಬಳಿ ಕುಬಟೂರು ಇದೆ. ಇಂದು ಸಾಧಾರಣ ಹಳ್ಳಿಯಂತೆ ಕಂಡರೂ ಒಂದು ಕಾಲಕ್ಕೆ ಇದು ದೊಡ್ಡ ಊರು. ಬನವಾಸಿ ಕದಂಬರ ರಾಣಿ ಮಾಳಲದೇವಿ ಇಲ್ಲಿ 1077ರಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದಳು. ಪಕ್ಕದ ಕೋಟಿಪುರದ ಕೈಟಭೇಶ್ವರ ದೇವಾಲಯ ಸುಮಾರು ಕ್ರಿ.ಶ. 1100ರದು. ಚಂದ್ರಹಾಸನ ಕಥೆಯಲ್ಲಿ ಬರುವ ಕುಂತಳನಗರ ಇದೇ ಎಂದು ಊರವರು ಹೇಳುತ್ತಾರೆ. ದೇವಾಲಯ ನೋಡಲು ಒಂದು ಗಂಟೆ ಸಾಕು. ಆಮೇಲೆ ಬುತ್ತಿ ಬಿಚ್ಚಲು ನೆರಳಿರುವ, ನೀರಿರುವ ಜಾಗ ಬೇಕು. ಮಲೆನಾಡಿನ ಈ ಸೆರಗಿನಲ್ಲಿ ಅಂಥ ಜಾಗವೆಂದರೆ ಕೆರೆಯ ಏರಿ. ಸೊರಬ ತಾಲೂಕೊಂದರಲ್ಲೇ ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎನ್ನುವುದು ಲೆಕ್ಕ. ಊಟ ಮುಗಿಯುವಷ್ಟರಲ್ಲಿ ನಾಲ್ಕು ಮಂದಿ ಹುಡುಗರು ಪ್ಯಾಂಟು ಮಡಚಿ ನೀರಿಗಿಳಿದಿರುತ್ತಾರೆ. ಮೊಣಕಾಲಿನಷ್ಟೇ ಆಳವಲ್ಲವೇ ಎಂದು ಹಿರಿಯರೂ ಸುಮ್ಮನಿರುತ್ತಾರೆ.

ಆ ಹೊತ್ತಿಗೆ ಆ ಕೆರೆಯ ಬಳಿ ನೀರನ್ನು ಬಲ್ಲವರು, ಅಪಾಯವಾದರೆ ಹಗ್ಗ ಎಸೆಯಬಲ್ಲವರು ಯಾರಿದ್ದಾರೆ? ಕುಬಟೂರು ಇರಲಿ, ಶಿಕಾರಿಪುರದ ಅಂಜನಾಪುರ ಜಲಾಶಯವಿರಲಿ, ಶರಾವತಿಯ ಹಿನ್ನೀರಿರಲಿ, ಬಹುಪಾಲು ಕಡೆ ಉತ್ತರ ಒಂದೇ: ಯಾರೂ ಇಲ್ಲ. ನಮ್ಮ ಕೆರೆಗಳು ಮತ್ತು ಹಿನ್ನೀರುಗಳು ವಿಹಾರ ತಾಣಗಳಾಗುತ್ತಿವೆ. ಆದರೆ ವಿಹಾರಕ್ಕೆ ಬಂದವರ ಜೀವಕ್ಕೆ ಅಲ್ಲಿ ಹೊಣೆಗಾರರನ್ನು ಗೊತ್ತುಮಾಡಿಲ್ಲ.

ಕಡಲಿಗೆ ಪಂಚಾಂಗವಿದೆ, ಕೆರೆಗಿಲ್ಲ

ಸಮುದ್ರದ ಬಳಿ ಬೆಳೆದ ನಮಗೆ ನೀರಿನ ಭಯ ಗೊತ್ತು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವುದಿಲ್ಲ. ಮೀನಿನ ಸಂತಾನ ಉಳಿಯಲೆಂದು ಮಾಡಿದ ಈ ನಿಯಮ ಅಬ್ಬರದ ಕಾಲದಲ್ಲಿ ಮೀನುಗಾರರ ಜೀವವನ್ನೂ ಕಾಯುತ್ತದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗುವ ದೋಣಿಗಳು ಮೇ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ ನಿಲ್ಲುತ್ತವೆ. ಕೆಲವು ಕಡಲತೀರಗಳಲ್ಲಿ ಕೆಂಪು ಬಾವುಟ, ಬಲೆಯ ಬೇಲಿ, ಸೀಟಿ ಊದುವ ಜೀವರಕ್ಷಕರು ಇದ್ದಾರೆ. ಇಷ್ಟಾಗಿಯೂ ದುರಂತಗಳು ತಪ್ಪಿಲ್ಲ. 2022ರ ಏಪ್ರಿಲ್‌ನಲ್ಲಿ ಸೇಂಟ್ ಮೇರೀಸ್ ದ್ವೀಪದಲ್ಲಿ ಕೇರಳದ ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳು ತೀರಿಕೊಂಡರು. 2024ರ ಡಿಸೆಂಬರ್ 10ರಂದು ಮುರ್ಡೇಶ್ವರದಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲಿನ ವಸತಿ ಶಾಲೆಯ ನಾಲ್ವರು ಹೆಣ್ಣುಮಕ್ಕಳನ್ನು ಅಲೆ ಎಳೆದೊಯ್ದಿತು. ಶಿಕ್ಷಕರ ಬಂಧನವಾಯಿತು, ಮುಖ್ಯಶಿಕ್ಷಕರ ಅಮಾನತಾಯಿತು, ಕಡಲತೀರಕ್ಕೆ ಪ್ರವೇಶ ನಿರ್ಬಂಧಿಸಲಾಯಿತು. ಮುಂದಿನ ಕ್ರಮಗಳ ಬಗ್ಗೆ ಚರ್ಚೆಯಾದರೂ ನಡೆಯಿತು.

ಈಗ ಘಾಟಿಯ ಮೇಲಿನ ಸ್ಥಿತಿ ನೋಡಿ. ಜುಲೈ, ಆಗಸ್ಟ್‌ನಲ್ಲಿ ಕಡಲು ಮುಚ್ಚಿರುವಾಗಲೇ ಮಲೆನಾಡಿನ ಜಲಾಶಯಗಳು ತುಂಬುತ್ತವೆ, ಕೆರೆಗಳು ಕೋಡಿ ಬೀಳುತ್ತವೆ. ಅಂಜನಾಪುರ ತುಂಬಿ ಕುಮುದ್ವತಿ ಹರಿಯುವುದನ್ನು ನೋಡಲು ಜನ ಸೇರುತ್ತಾರೆ. ಮಳೆಗಾಲದ ಪ್ರವಾಸ ಎಂಬುದೇ ಒಂದು ಹೊಸ ಹುಚ್ಚಾಗಿದೆ. ಕರಾವಳಿಯಲ್ಲಿ ನಾವು ನೀರಿನಿಂದ ದೂರ ಸರಿಯುವ ತಿಂಗಳುಗಳಲ್ಲೇ ಅಲ್ಲಿಗೆ ನೀರು ಹುಡುಕಿಕೊಂಡು ಹೋಗುತ್ತೇವೆ. ಅಲ್ಲಿ ಅಲೆಯಿಲ್ಲ, ಅಬ್ಬರವಿಲ್ಲ, ಬಾವುಟವಿಲ್ಲ. ನಿಂತ ನೀರು ಸಾಧು ಎಂದು ಭಾವಿಸುತ್ತೇವೆ.

2024ರ ನವೆಂಬರ್‌ನಲ್ಲಿ ಕಳಸವಳ್ಳಿ ಬಳಿ ಇದೇ ಶರಾವತಿ ಹಿನ್ನೀರಿನಲ್ಲಿ ವಿಹಾರಕ್ಕೆ ಹೋದ ಯುವಕರ ಪುಟ್ಟ ದೋಣಿ ಮಗುಚಿ ಮೂವರು ಸತ್ತರು. ಅದೇ ತಿಂಗಳು ಉಳ್ಳಾಲ ಸಮೀಪದ ಸೋಮೇಶ್ವರದ ರೆಸಾರ್ಟ್ ಒಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿದರು. ಹಿನ್ನೀರು ನೂರಾರು ಚದರ ಕಿಲೋಮೀಟರ್, ಈಜುಕೊಳ ಒಂದು ಮನೆಯಂಗಳದಷ್ಟು. ಮೂರು ಜೀವ ಹೋಗಲು ಎರಡೂ ಸಾಕಾದವು.

ಕೆರೆಯ ತಳ ಈಗ ಯಾರಿಗೂ ಗೊತ್ತಿಲ್ಲ

ಕೆರೆಯಲ್ಲಿ ಆಟವಾಡುವುದು ಹೊಸದೇನಲ್ಲ. ಶಿಕಾರಿಪುರ ತಾಲೂಕಿನ ತಾಳಗುಂದದ ಕಂಬದ ಶಾಸನ ಕದಂಬ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಅದು ಸುಮಾರು 1,500 ವರ್ಷಗಳ ಹಿಂದಿನ ಮಾತು. ಕೆರೆ ಇದ್ದಷ್ಟು ಕಾಲವೂ ಅದರಲ್ಲಿ ಮಕ್ಕಳು ಈಜಿದ್ದಾರೆ, ಹೆಂಗಸರು ಬಟ್ಟೆ ಒಗೆದಿದ್ದಾರೆ, ದನಕರುಗಳ ಮೈ ತೊಳೆದಿದ್ದಾರೆ. ಸೊರಬ, ಸಾಗರ, ಶಿಕಾರಿಪುರದ ಕಡೆಗೆ ತನ್ನದೇ ಆದ ಒಂದು ನೀರಾಟವೂ ಇದೆ. ಅದು ಕೆರೆಬೇಟೆ. ಬೇಸಿಗೆಯಲ್ಲಿ ನೀರು ಇಳಿದಾಗ ಊರವರು ಸೇರಿ ದಿನ ಗೊತ್ತುಮಾಡುತ್ತಾರೆ. ಸುತ್ತಲ ಹಳ್ಳಿಗಳ ನೂರಾರು ಮಂದಿ ಬಿದಿರಿನ ಕೂಣಿ ಹಿಡಿದು ದಡದಲ್ಲಿ ನಿಂತಿರುತ್ತಾರೆ. ಸೂಚನೆ ಸಿಕ್ಕೊಡನೆ ಎಲ್ಲರೂ ಒಟ್ಟಿಗೆ ಕೆಸರಿಗಿಳಿದು ಮೀನು ಹಿಡಿಯುತ್ತಾರೆ. ಗದ್ದಲ, ಜಗಳ, ಪಂತ ಎಲ್ಲವೂ ಉಂಟು. ಆದರೆ ಗಮನಿಸಬೇಕಾದ ಸಂಗತಿ ಬೇರೆ. ನೀರು ಕಡಿಮೆಯಿರುವ ದಿನ, ಹಗಲು ಹೊತ್ತು, ಊರಿಗೆ ಊರೇ ಸುತ್ತ ನಿಂತಿರುವಾಗ ಮಾತ್ರ ಈ ಆಟ. ಯಾರೂ ಸುರಕ್ಷತೆಯ ನಿಯಮ ಎಂದು ಬರೆದಿಡಲಿಲ್ಲ, ಆದರೂ ನಿಯಮ ಅದರೊಳಗೇ ಇತ್ತು.

ಈಜು ಕಲಿಯುವುದಕ್ಕೂ ಹಾಗೆಯೇ ಒಂದು ಕ್ರಮವಿತ್ತು. ಒಣಗಿದ ಸೋರೆ ಬುರುಡೆಯನ್ನೋ ಬೆಂಡಿನ ಕಟ್ಟನ್ನೋ ಸೊಂಟಕ್ಕೆ ಬಿಗಿದು, ಮಾವನೋ ಅಣ್ಣನೋ ನೀರಿಗಿಳಿಸುತ್ತಿದ್ದರು. ಇಂದು ಲೈಫ್ ಜಾಕೆಟ್ ಎಂದರೆ ಹುಡುಗರು ನಾಚುತ್ತಾರೆ. ಅವರ ಅಜ್ಜ ಬೆಂಡು ಕಟ್ಟಿಕೊಳ್ಳಲು ನಾಚಿರಲಿಲ್ಲ.

ಹಾಗಾದರೆ ಬದಲಾದದ್ದೇನು? ಮೊದಲನೆಯದಾಗಿ ಕೆರೆಯ ತಳವೇ ಬದಲಾಗಿದೆ. ಹಿಂದೆ ರೈತರು ಬೇಸಿಗೆಯಲ್ಲಿ ಗೋಡು ಮಣ್ಣನ್ನು ಗಾಡಿಯಲ್ಲಿ ತುಂಬಿ ಗದ್ದೆಗೆ ಒಯ್ಯುತ್ತಿದ್ದರು. ಕೆರೆಯ ಅಂಗಳ ಹದವಾಗಿ ಇಳಿಜಾರಾಗಿಯೇ ಉಳಿಯುತ್ತಿತ್ತು. ಈಗ ಹೂಳೆತ್ತುವುದು ಜೆಸಿಬಿ, ಹಿಟಾಚಿ ಕೆಲಸ. ರಸ್ತೆಗೆ, ಇಟ್ಟಿಗೆ ಭಟ್ಟಿಗೆ, ಮನೆಯ ಪಾಯಕ್ಕೆ ಎಲ್ಲಿ ಒಳ್ಳೆಯ ಮಣ್ಣು ಸಿಕ್ಕಿತೋ ಅಲ್ಲಿ ಗೋಡೆ ಕಡಿದಂತೆ ನೇರವಾಗಿ ಅಗೆದು ಬಿಟ್ಟುಹೋಗುತ್ತಾರೆ. ಮಳೆ ಬಂದು ನೀರು ಸಮವಾಗಿ ನಿಂತ ಮೇಲೆ ಮೇಲಿನಿಂದ ನೋಡಿದವರಿಗೆ ಯಾವುದು ಮೊಣಕಾಲುದ್ದ, ಯಾವುದು ಎರಡಾಳುದ್ದ ಎಂದು ತಿಳಿಯುವ ಬಗೆಯಿಲ್ಲ. ನಾಲ್ಕು ಹೆಜ್ಜೆ ನಡೆದವನು ಐದನೆಯದಕ್ಕೆ ಕಾಣೆಯಾಗುತ್ತಾನೆ. ಹೂಳೆತ್ತುವುದು ಬೇಡವೆಂದಲ್ಲ. ಕೆರೆಗೆ ಅದು ಬೇಕೇ ಬೇಕು. ಆದರೆ ಅಂಚನ್ನು ಇಳಿಜಾರು ಮಾಡಿ ಬಿಡಬೇಕೆಂಬ ಒಂದು ಷರತ್ತನ್ನು ಗುತ್ತಿಗೆ ಪತ್ರದಲ್ಲಿ ಸೇರಿಸಲು ಖರ್ಚೇನೂ ಇಲ್ಲ.

ಎರಡನೆಯದು ನೀರಿನ ಕಾಲವೇ ಬದಲಾದದ್ದು. ವರದಾ ನದಿಯ ನೀರನ್ನೆತ್ತಿ ಆನವಟ್ಟಿ ಭಾಗದ ಕೆರೆಗಳನ್ನು ತುಂಬಿಸುವ ಮೂಡಿ ಏತ ನೀರಾವರಿ ಯೋಜನೆ ಆ ಭಾಗದ ರೈತರ ಬಹುಕಾಲದ ಬೇಡಿಕೆಯಾಗಿತ್ತು. ಅದು ಒಳ್ಳೆಯದೇ. ಆದರೆ ಕೆರೆ ಯಾವ ತಿಂಗಳಲ್ಲಿ ಎಷ್ಟು ತುಂಬಿರುತ್ತದೆ ಎಂಬ ಹಳೆಯ ಅಂದಾಜು ಇಂಥ ಯೋಜನೆಗಳ ನಂತರ ನಡೆಯುವುದಿಲ್ಲ. ಪೈಪಿನಲ್ಲಿ ನೀರು ಬಂದರೆ ಮಳೆಯಿಲ್ಲದೆಯೂ ಮಟ್ಟ ಏರುತ್ತದೆ. ಕಳೆದ ವರ್ಷ ಏಪ್ರಿಲ್ ರಜೆಯಲ್ಲಿ ಕ್ರಿಕೆಟ್ ಆಡಿದ ಅಂಗಳದಲ್ಲಿ ಈ ವರ್ಷ ಆಳುದ್ದ ನೀರು ನಿಂತಿರಬಹುದು. ಊರಿನ ಮಕ್ಕಳಿಗೇ ಗೊಂದಲವಾಗುವಾಗ ಹೊರಗಿನಿಂದ ಬಂದವರ ಪಾಡು ಹೇಳಬೇಕಾಗಿಲ್ಲ.

ಇನ್ನು ತೂಬು, ಕೋಡಿಗಳ ವಿಚಾರ. ತೂಬು ತೆರೆದಿರುವಾಗ ಅದರ ಬಾಯಿಯ ಸುತ್ತ ನೀರು ಒಳಗಿನಿಂದ ಎಳೆಯುತ್ತದೆ. ಮೇಲೆ ಒಂದು ಸುಳಿಯೂ ಕಾಣದಿರಬಹುದು. ಕೋಡಿಯ ಕಲ್ಲುಗಳ ಮೇಲೆ ಪಾಚಿ ಕಟ್ಟಿರುತ್ತದೆ. ಸೆಲ್ಫಿಗಾಗಿ ನಿಲ್ಲುವುದು ಅಲ್ಲೇ. ದಡದ ಜೊಂಡು, ಅಂತರಗಂಗೆ ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವನೂ ಕೈಸೋಲುತ್ತಾನೆ. ಲಿಂಗನಮಕ್ಕಿಯಂಥ ದೊಡ್ಡ ಜಲಾಶಯದಲ್ಲಿ ಇವುಗಳ ಜೊತೆಗೆ ಇನ್ನೊಂದಿದೆ. 1964ರಲ್ಲಿ ಅಣೆಕಟ್ಟು ಮುಗಿದಾಗ ಮುಳುಗಿದ ಕಾಡಿನ ಮರದ ಬೊಡ್ಡೆಗಳು ಈಗಲೂ ನೀರಿನಡಿಯಲ್ಲಿವೆ. 1,819 ಅಡಿ ಪೂರ್ಣಮಟ್ಟದಿಂದ ನೀರು ಇಳಿದಂತೆಲ್ಲ ಅವು ದೋಣಿಯ ತಳಕ್ಕೆ ಹತ್ತಿರವಾಗುತ್ತವೆ. ಮಧ್ಯಾಹ್ನದ ಮೇಲೆ ಬಯಲು ನೀರಿನ ಮೇಲೆ ಗಾಳಿ ಎದ್ದರೆ ಹಿನ್ನೀರಿಗೂ ಅಲೆ ಬರುತ್ತದೆ. ಇದನ್ನೆಲ್ಲ ಅಲ್ಲಿನ ದೋಣಿಯವರು ಬಲ್ಲರು. ಬೆಂಗಳೂರಿನಿಂದಲೋ ಮಂಗಳೂರಿನಿಂದಲೋ ಬಂದವರು ಬಲ್ಲರೇ?

‘ನೀರುಪಾಲು’ ಎಂಬ ಮಾತು

ಯಾರಾದರೂ ಮುಳುಗಿ ಸತ್ತರೆ ನಮ್ಮ ಪತ್ರಿಕೆಗಳು ‘ನೀರುಪಾಲು’ ಎಂದು ಬರೆಯುತ್ತವೆ. ನೀರಿಗೆ ಸಲ್ಲಬೇಕಾದ ಪಾಲು ಸಂದಿತು ಎಂಬಂತೆ! ಹಳ್ಳಿಗಳಲ್ಲಿ ‘ಈ ಕೆರೆ ವರ್ಷಕ್ಕೊಂದು ಬಲಿ ತೆಗೆದುಕೊಳ್ಳುತ್ತದೆ’ ಎನ್ನುವುದನ್ನು ಎಷ್ಟೋ ಕಡೆ ಕೇಳುತ್ತೇವೆ. ಕೆರೆಗೆ ನೀರು ಬರಲೆಂದು ಸೊಸೆ ಭಾಗೀರಥಿಯನ್ನು ಅರ್ಪಿಸಿದ ‘ಕೆರೆಗೆ ಹಾರ’ದ ಕಥೆ ಕೇಳಿ ಬೆಳೆದ ನಾಡಿದು. ಆ ಕಥೆ ಕೇಳಿದಾಗ ನಮಗೆ ಕಣ್ಣೀರು ಬರುವುದು ಅದು ಅನ್ಯಾಯವೆಂದು ಒಳಗೊಳಗೇ ಗೊತ್ತಿರುವುದರಿಂದ. ಆದರೆ ಮಣ್ಣು ಮಾಫಿಯಾ ತೋಡಿದ ಗುಂಡಿಗೆ ಮಗು ಬಿದ್ದಾಗ ಮಾತ್ರ ವಿಧಿ ಎನ್ನುತ್ತೇವೆ. ಸಾಂತ್ವನಕ್ಕೆಂದು ಹೋದ ನಾವು ಧರ್ಮಗುರುಗಳೂ ಇಂಥ ಮನೆಗಳಲ್ಲಿ ದೇವರ ಚಿತ್ತವೆಂದು ಬೇಗನೆ ಹೇಳಿಬಿಡುವುದುಂಟು. ಬೇಲಿ ಇಲ್ಲದಿರುವುದು, ಹಗ್ಗ ಇಲ್ಲದಿರುವುದು ದೇವರ ಚಿತ್ತವಲ್ಲ.

ಈ ನಂಬಿಕೆಯ ಇನ್ನೊಂದು ಮುಖ ಇನ್ನೂ ಕರುಣಾಜನಕ. 2022ರ ಸೆಪ್ಟೆಂಬರ್‌ನಲ್ಲಿ ಬಳ್ಳಾರಿ ಜಿಲ್ಲೆಯ ಒಂದು ಹಳ್ಳಿಯಲ್ಲಿ ಮುಳುಗಿ ಸತ್ತ ಬಾಲಕನ ದೇಹವನ್ನು ಮನೆಯವರು ಗಂಟೆಗಟ್ಟಲೆ ಉಪ್ಪಿನ ರಾಶಿಯಲ್ಲಿ ಹೂತಿಟ್ಟರು. 2023ರ ಡಿಸೆಂಬರ್‌ನಲ್ಲಿ, ಶಿಕಾರಿಪುರಕ್ಕೆ ದೂರವಲ್ಲದ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲೂಕಿನ ಒಂದು ಊರಿನಲ್ಲಿ ಇಬ್ಬರು ಹುಡುಗರಿಗೆ ಹಾಗೆಯೇ ಮಾಡಲಾಯಿತು. ಉಪ್ಪು ನೀರನ್ನೆಲ್ಲ ಹೀರಿ ಜೀವ ಮರಳಿಸುತ್ತದೆ ಎಂಬ ಸುಳ್ಳು ಸಂದೇಶ ಮೊಬೈಲಿನಲ್ಲಿ ಹರಿದಾಡಿತ್ತು. ಆ ತಂದೆತಾಯಿಯರನ್ನು ನೋಡಿ ನಗುವುದು ಬೇಡ. ಮಗುವನ್ನು ಕಳೆದುಕೊಂಡವರು ಯಾವ ಆಸೆಗಾದರೂ ಕೈಚಾಚುತ್ತಾರೆ. ನೀರಿನಿಂದ ಮೇಲೆತ್ತಿದವನ ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು ಎಂದು ಅವರಿಗೆ ಯಾರೂ ಕಲಿಸಿರಲಿಲ್ಲ. ಕಲಿಸದವರು ನಾವು.

ಇಲ್ಲಿ ಕೆಲವು ಸಂಗತಿಗಳನ್ನು ಬಿಡಿಸಿ ಹೇಳುವುದು ಅಗತ್ಯ. ಮುಳುಗುವವನು ಸಿನಿಮಾದಲ್ಲಿ ತೋರಿಸುವಂತೆ ಬೊಬ್ಬೆ ಹೊಡೆಯುವುದಿಲ್ಲ. ಉಸಿರಿಗಾಗಿಯೇ ಒದ್ದಾಡುವವನಿಗೆ ಕೂಗಲು ಉಸಿರೆಲ್ಲಿಂದ? ಹತ್ತಿರದಲ್ಲೇ ಇದ್ದವರಿಗೆ ಅವನು ಆಡುತ್ತಿರುವಂತೆ ಕಾಣುತ್ತದೆ. ಒಂದು ನಿಮಿಷದೊಳಗೆ ಎಲ್ಲ ಮುಗಿದಿರುತ್ತದೆ. ಉಸಿರು ನಿಂತ ನಾಲ್ಕೈದು ನಿಮಿಷಗಳಲ್ಲಿ ಮೆದುಳಿಗೆ ಹಾನಿ ಆರಂಭವಾಗುತ್ತದೆ. ಮೇಲೆತ್ತಿದವನನ್ನು ತಲೆಕೆಳಗಾಗಿ ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ನಮ್ಮಲ್ಲಿ ರೂಢಿ. ಇದರಿಂದ ಅಮೂಲ್ಯ ಕ್ಷಣಗಳು ಹಾಳಾಗುತ್ತವೆ, ಕಕ್ಕಿದ್ದು ಶ್ವಾಸಕೋಶಕ್ಕೆ ಇಳಿಯುವ ಅಪಾಯವೂ ಇದೆ. ಮೊದಲು ಉಸಿರು, ಕೂಡಲೇ ಎದೆ ಒತ್ತುವುದು, ಅದೇ ಹೊತ್ತಿಗೆ ಇನ್ನೊಬ್ಬರು 108ಕ್ಕೆ ಅಥವಾ 112ಕ್ಕೆ ಕರೆ ಮಾಡುವುದು. ತಾಲೂಕು ಕೇಂದ್ರದಿಂದ ಅಗ್ನಿಶಾಮಕ ವಾಹನ ಹಳ್ಳಿಯ ಕೆರೆಗೆ ಬರುವಷ್ಟರಲ್ಲಿ ಆ ನಾಲ್ಕೈದು ನಿಮಿಷ ಎಂದೋ ಕಳೆದಿರುತ್ತದೆ. ಬದುಕಿಸಬಲ್ಲವರು ದಡದಲ್ಲಿರುವವರು ಮಾತ್ರ.

ಒಬ್ಬನನ್ನು ಉಳಿಸಲು ಇನ್ನೊಬ್ಬ, ಅವನನ್ನು ಉಳಿಸಲು ಮತ್ತೊಬ್ಬ ಹಾರಿ ಮೂರು ನಾಲ್ಕು ಮಂದಿ ಒಟ್ಟಿಗೆ ಸಾಯುವುದನ್ನು ಪ್ರತಿ ವರ್ಷ ಓದುತ್ತೇವೆ. ಮುಳುಗುತ್ತಿರುವವನ ಹಿಡಿತ ಬಲವಾದದ್ದು, ಒಳ್ಳೆಯ ಈಜುಗಾರನನ್ನೂ ಬಿಡದು. ಹಾರಬಾರದು, ಎಸೆಯಬೇಕು. ಪಂಚೆ, ಸೀರೆ, ದುಪ್ಪಟ್ಟ, ಬಿದಿರು ಗಳ, ಮುಚ್ಚಳ ಹಾಕಿದ ಖಾಲಿ ಎಣ್ಣೆ ಕ್ಯಾನು, ಏನಾದರೂ ಸರಿ. ನಮ್ಮ ಹುಡುಗಿಯರಿಗೆ ಇದನ್ನು ವಿಶೇಷವಾಗಿ ಕಲಿಸಬೇಕು. ಈಜು ಗಂಡುಮಕ್ಕಳ ಆಟವೆಂದು ನಾವು ತೀರ್ಮಾನಿಸಿಬಿಟ್ಟಿದ್ದೇವೆ. ಬಟ್ಟೆ ಒಗೆಯಲು ದಿನವೂ ನೀರಿಗಿಳಿಯುವವಳು ಹೆಣ್ಣು, ಈಜು ಬಾರದವಳೂ ಅವಳೇ.

ಇಲಾಖೆಗಳು ಆರು, ಹೊಣೆ ಶೂನ್ಯ

ಒಂದು ಕೆರೆಯ ಸುತ್ತ ಎಷ್ಟು ಕಚೇರಿಗಳಿವೆ ನೋಡಿ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಹೆಚ್ಚಿದ್ದರೆ ಏರಿ, ತೂಬು, ಕೋಡಿ ಸಣ್ಣ ನೀರಾವರಿ ಇಲಾಖೆಯದು, ಕಡಿಮೆಯಿದ್ದರೆ ಪಂಚಾಯಿತಿಯದು. ಗಡಿ, ಒತ್ತುವರಿ ಕಂದಾಯ ಇಲಾಖೆಯದು. ಮೀನು ಮೀನುಗಾರಿಕೆ ಇಲಾಖೆಯದು. ಏತ ನೀರಾವರಿಯಿಂದ ಬರುವ ನೀರು ನೀರಾವರಿ ನಿಗಮದ್ದು. ದಡದಲ್ಲಿ ಕಲ್ಲುಬೆಂಚು, ದೋಣಿವಿಹಾರ ಬಂದರೆ ಪ್ರವಾಸೋದ್ಯಮ ಇಲಾಖೆ. ಸತ್ತ ಮೇಲೆ ಪೊಲೀಸರು. ಅವರು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 194ರಡಿ ಅಸ್ವಾಭಾವಿಕ ಸಾವು ಎಂದು ದಾಖಲಿಸಿಕೊಳ್ಳುತ್ತಾರೆ. ಬಹುತೇಕ ಪ್ರಕರಣಗಳು ಅಲ್ಲಿಗೇ ಮುಗಿಯುತ್ತವೆ. ಗುಂಡಿ ತೋಡಿದವರು ಯಾರು, ಅದನ್ನು ಮುಚ್ಚದವರು ಯಾರು ಎಂದು ಕೇಳುವವರಿಲ್ಲ.

‘ಈಜುವುದನ್ನು ನಿಷೇಧಿಸಲಾಗಿದೆ’ ಎಂಬ ಫಲಕವೊಂದು ಮಾತ್ರ ಎಲ್ಲೆಡೆ ಇರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಈ ಫಲಕ ಇರುವುದು ಮಕ್ಕಳನ್ನು ಕಾಯಲು ಅಲ್ಲ, ಅಧಿಕಾರಿಗಳನ್ನು ಕಾಯಲು. ಕೆರೆ ಊರಿನದು, ಬೇಸಿಗೆಯಲ್ಲಿ ಮಕ್ಕಳು ಅದಕ್ಕೆ ಇಳಿಯದಿರುವುದಿಲ್ಲ. ಇಳಿಯಬಹುದಾದ ಜಾಗ ಇದು, ಇಳಿಯಬಾರದ ಜಾಗ ಅದು ಎಂದು ಕಂಬ ನೆಟ್ಟು ಹಗ್ಗ ಕಟ್ಟಿ ತೋರಿಸಿದರೆ ಅದು ಉಪಯೋಗದ ಮಾತು.

ದೋಣಿವಿಹಾರ ಬಂದಲ್ಲಿ ಹೊಣೆ ಇನ್ನೂ ಹೆಚ್ಚು. ನೆರೆಯ ಕೇರಳ ಇದಕ್ಕೆ ದುಬಾರಿ ಬೆಲೆ ತೆತ್ತಿದೆ. 2007ರ ಫೆಬ್ರವರಿ 20ರಂದು ತಟ್ಟೇಕ್ಕಾಡ್‌ನಲ್ಲಿ ಪ್ರವಾಸಕ್ಕೆ ಬಂದ ಶಾಲಾಮಕ್ಕಳ ದೋಣಿ ಮುಳುಗಿ 15 ಮಕ್ಕಳೂ 3 ಮಂದಿ ಹಿರಿಯರೂ ಸತ್ತರು. 2009ರ ಸೆಪ್ಟೆಂಬರ್ 30ರಂದು ತೇಕ್ಕಡಿ ಜಲಾಶಯದಲ್ಲಿ ‘ಜಲಕನ್ಯಕ’ ಎಂಬ ಸರ್ಕಾರಿ ನಿಗಮದ ದೋಣಿ ಮಗುಚಿ 45 ಮಂದಿ ಸತ್ತರು. ದಡದ ಕಾಡುಪ್ರಾಣಿಗಳನ್ನು ನೋಡಲು ಎಲ್ಲರೂ ಒಂದೇ ಬದಿಗೆ ಸರಿದದ್ದು ಕಾರಣವೆಂದು ಬದುಕಿ ಬಂದವರು ಹೇಳಿದರು. 2023ರ ಮೇ 7ರಂದು ತಾನೂರಿನಲ್ಲಿ 22 ಮಂದಿ. ನಮ್ಮಲ್ಲೂ 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ಅವರಲ್ಲಿ ಘಾಟಿ ಇಳಿದು ಬಂದ ಹಾವೇರಿ ಜಿಲ್ಲೆಯವರೂ ಇದ್ದರು. 2024ರ ಜನವರಿ 18ರಂದು ಗುಜರಾತಿನ ವಡೋದರದ ಹರಣಿ ಕೆರೆಯಲ್ಲಿ ನಡೆದದ್ದಂತೂ ನಮ್ಮ ವಿಷಯಕ್ಕೆ ಅತಿ ಹತ್ತಿರ. ನಗರಪಾಲಿಕೆ ಅಂದಗೊಳಿಸಿ ಖಾಸಗಿಯವರಿಗೆ ವಹಿಸಿದ ಕೆರೆ ಅದು. ಮಿತಿಮೀರಿ ತುಂಬಿದ ದೋಣಿಯಲ್ಲಿ ಕೆಲವರಿಗಷ್ಟೇ ಲೈಫ್ ಜಾಕೆಟ್ ಇತ್ತು. 12 ಮಕ್ಕಳೂ ಇಬ್ಬರು ಶಿಕ್ಷಕಿಯರೂ ಸತ್ತರು. ಈ ಎಲ್ಲ ಕಡೆ ಕಾನೂನು ಇತ್ತು. 1917ರ ಹಳೆಯ ಕಾಯಿದೆಯ ಜಾಗಕ್ಕೆ ಬಂದ 2021ರ ಒಳನಾಡು ಹಡಗುಗಳ ಕಾಯಿದೆ ಯಂತ್ರವಿಲ್ಲದ ದೋಣಿಗಳನ್ನೂ ಸ್ಥಳೀಯ ಮಟ್ಟದಲ್ಲಿ ಪಟ್ಟಿ ಮಾಡಿ ನಿಯಂತ್ರಿಸಲು ಅವಕಾಶ ಕೊಟ್ಟಿದೆ. ತೆಪ್ಪ, ಹರಿಗೋಲುಗಳನ್ನು ಲೆಕ್ಕ ಹಿಡಿದ ಪಂಚಾಯಿತಿ ನಮ್ಮಲ್ಲಿ ಎಷ್ಟಿವೆ ಎಂದು ಓದುಗರೇ ತಮ್ಮ ಊರಿನಲ್ಲಿ ವಿಚಾರಿಸಿ ನೋಡಬಹುದು.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ 38 ಸಾವಿರಕ್ಕೂ ಹೆಚ್ಚು ಮಂದಿ ಮುಳುಗಿ ಸತ್ತರು. ಅಂದರೆ ದಿನಕ್ಕೆ ನೂರು. ಜಗತ್ತಿನಲ್ಲಿ 2021ರಲ್ಲಿ ಸುಮಾರು 3 ಲಕ್ಷ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರ ಡಿಸೆಂಬರ್‌ನಲ್ಲಿ ಹೇಳಿತು. ಆ ವರದಿಯಲ್ಲೇ ಆಶಾದಾಯಕ ಸಂಗತಿಯೂ ಇದೆ: 2000ದಿಂದೀಚೆಗೆ ಈ ಸಾವಿನ ಪ್ರಮಾಣ ಶೇ. 38ರಷ್ಟು ಇಳಿದಿದೆ. ಅಂದರೆ ತಡೆಯಲು ಸಾಧ್ಯ. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ 2023ರ ಡಿಸೆಂಬರ್‌ನಲ್ಲಿ ಮುಳುಗುವಿಕೆ ತಡೆಗೆ ಒಂದು ಕಾರ್ಯನೀತಿಯನ್ನು ಪ್ರಕಟಿಸಿದೆ. ಬಿಹಾರದ ವಿಪತ್ತು ನಿರ್ವಹಣಾ ಪ್ರಾಧಿಕಾರ 6ರಿಂದ 18 ವರ್ಷದ ಹಳ್ಳಿ ಮಕ್ಕಳಿಗೆ ಊರಿನ ಕೆರೆ, ನದಿಗಳಲ್ಲೇ ಬಿದಿರಿನ ಆವರಣ ಕಟ್ಟಿ ಸುರಕ್ಷಿತ ಈಜು ಕಲಿಸುತ್ತಿದೆ. ಬಿಹಾರಕ್ಕೆ ಸಾಧ್ಯವಾದದ್ದು 36 ಸಾವಿರ ಕೆರೆಗಳ ಕರ್ನಾಟಕಕ್ಕೆ ಏಕೆ ಆಗದು?

ಇನ್ನೂ ಒಂದು ವಿಪರ್ಯಾಸ. ಶವ ಎತ್ತುವುದರಲ್ಲಿ ನಮ್ಮಲ್ಲಿ ಪರಿಣತರಿದ್ದಾರೆ. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದಾಗ ಗಂಗಾವಳಿಯ ಸೆಳೆತಕ್ಕಿಳಿದು ಹುಡುಕಿದ ಈಶ್ವರ ಮಲ್ಪೆಯವರನ್ನು ನಾಡೇ ಕೊಂಡಾಡಿತು. ಅವರು ಅದಕ್ಕೆ ಅರ್ಹರು. ಆದರೆ ಇಂಥವರಿಗೆ ಫೋನು ಹೋಗುವುದು ಎಲ್ಲ ಮುಗಿದ ಮೇಲೆ. ಮುಗಿಯುವ ಮೊದಲು ದಡದಲ್ಲಿರಬೇಕಾದವನ ಬಗ್ಗೆ ನಾವು ಯೋಚಿಸಿಲ್ಲ.

ಅವನು ಯಾರು? ಹಿಂದೆ ನೀರಗಂಟಿ ಎಂಬುವನಿದ್ದ. ತೂಬು ತೆರೆಯುವುದು, ಗದ್ದೆಗೆ ನೀರು ಹಂಚುವುದು, ಏರಿ ಕಾಯುವುದು ಅವನ ಕೆಲಸ. ದಿನವೂ ಕೆರೆಯ ಮೇಲೆ ಒಬ್ಬನ ಕಣ್ಣಿತ್ತು. ಆ ಹುದ್ದೆ ಬಹುತೇಕ ಕಡೆ ಅಳಿದಿದೆ. ಇಂದು ನಿತ್ಯ ಕೆರೆಯ ಬಳಿ ಇರುವವರು ಮೀನು ಹಿಡಿಯುವ ಹಕ್ಕು ಪಡೆದ ಸಂಘದವರು ಅಥವಾ ಗುತ್ತಿಗೆದಾರರು. ಅವರ ಬಳಿ ಹರಿಗೋಲಿದೆ, ಬಲೆಯಿದೆ, ಕಾವಲಿಗೆ ಆಳಿದ್ದಾನೆ, ಕೆರೆಯ ಆಳ ಗೊತ್ತಿದೆ. ಕಳ್ಳರು ಮೀನು ಹಿಡಿಯದಂತೆ ಅವರು ನೋಡಿಕೊಳ್ಳುತ್ತಾರೆ. ಮನುಷ್ಯರನ್ನೂ ನೋಡಿಕೊಳ್ಳಿ ಎಂದು ಅವರನ್ನು ಯಾರೂ ಕೇಳಿಲ್ಲ. ಹರಾಜಿನ ಷರತ್ತಿನಲ್ಲಿ 30 ಮೀಟರ್ ಹಗ್ಗ, ನಾಲ್ಕು ಗಾಳಿ ತುಂಬಿದ ಟ್ಯೂಬು, ಉಸಿರು ಕೊಡಲು ತರಬೇತಿ ಪಡೆದ ಇಬ್ಬರು ಆಳುಗಳು ಇರಬೇಕೆಂದು ಸೇರಿಸಿದರೆ, ಬದಲಿಗೆ ಗುತ್ತಿಗೆ ಹಣದಲ್ಲಿ ಅಷ್ಟಿಷ್ಟು ಬಿಟ್ಟುಕೊಟ್ಟರೆ ನೀರಗಂಟಿ ಬೇರೆ ರೂಪದಲ್ಲಿ ಮರಳಿ ಬರುತ್ತಾನೆ. ಉಳಿದ ಖರ್ಚು, ಅಂದರೆ ಆಳ ತೋರಿಸುವ ಬಣ್ಣದ ಕಂಬಗಳು, ತೂಬಿನ ಸುತ್ತ ಬೇಲಿ, ಒಂದು ದಿನದ ತರಬೇತಿ, ಇವು ಗ್ರಾಮ ಪಂಚಾಯಿತಿಯ ವಾರ್ಷಿಕ ಯೋಜನೆಯಲ್ಲಿ ಸುಲಭವಾಗಿ ಹಿಡಿಸುತ್ತವೆ. ಒಂದು ಸ್ವಾಗತ ಕಮಾನಿಗೆ ಆಗುವ ಖರ್ಚೂ ಇದಕ್ಕೆ ಬೇಡ.

ದೋಣಿ ತರುವ ಮೊದಲು ಇದಾಗಬೇಕು. ಸಾಗರ ತಾಲೂಕಿನ ಹೊನ್ನೇಮರಡುವಿನಲ್ಲಿ ದಶಕಗಳ ಕಾಲ ನೂರಾರು ವಿದ್ಯಾರ್ಥಿಗಳು ಇದೇ ಲಿಂಗನಮಕ್ಕಿ ಹಿನ್ನೀರಿನಲ್ಲಿ ಹರಿಗೋಲು, ಕಯಾಕ್ ನಡೆಸಲು ಕಲಿತರು. ಜಾಕೆಟ್ ಕಟ್ಟಿಕೊಂಡು ನೀರಿನ ಮೇಲೆ ತೇಲುವುದು ಅಲ್ಲಿನ ಮೊದಲ ಪಾಠ. ಅದೇ ನೀರು, ಅದೇ ಗಾಳಿ. ಹೇಳಿಕೊಡುವವರು ಇದ್ದುದರಿಂದ ಮಕ್ಕಳು ಅಲ್ಲಿ ನೀರಿನ ಸುಖವನ್ನೂ ಕಂಡರು.

ನಮ್ಮ ಧರ್ಮಕೇಂದ್ರಗಳಿಂದ, ಶಾಲೆಗಳಿಂದ ಹೊರಡುವ ಪ್ರವಾಸಗಳ ಬಗ್ಗೆಯೂ ಒಂದು ಮಾತು. ಬಸ್ಸು ಗೊತ್ತುಮಾಡುತ್ತೇವೆ, ಊಟಕ್ಕೆ ಹೇಳುತ್ತೇವೆ, ಬ್ಯಾನರ್ ಕೂಡ ಮಾಡಿಸುತ್ತೇವೆ. ನೀರಿನ ಬಳಿ ನಿಲ್ಲುತ್ತೇವೆಯೇ, ನಿಂತರೆ ಯಾರು ದಡದಲ್ಲಿ ನಿಂತು ತಲೆ ಎಣಿಸುತ್ತಾರೆ ಎಂದು ಮಾತ್ರ ಮೊದಲೇ ತೀರ್ಮಾನಿಸುವುದಿಲ್ಲ. ಯುವಕರ ಕೆಲವು ಪ್ರವಾಸಗಳಲ್ಲಿ ಬಾಟಲಿಗಳೂ ಜೊತೆಗೆ ಹೋಗುತ್ತವೆ ಎಂಬುದು ಗುಟ್ಟೇನಲ್ಲ. ಕುಡಿದವನು ನೀರಿಗಿಳಿಯಬಾರದು ಎನ್ನುವಷ್ಟು ನೇರವಾಗಿ ಮುಖಂಡರು ಬಸ್ಸು ಹೊರಡುವ ಮುನ್ನವೇ ಹೇಳಬೇಕು. ಮುಂದಿನ ಡಿಸೆಂಬರ್ ರಜೆಯಲ್ಲಿ ಸಿಗಂದೂರು ಸೇತುವೆ ದಾಟಿ ಸೊರಬದ ಕಡೆ ಹೋಗುವವರು ಬಸ್ಸಿನ ಡಿಕ್ಕಿಯಲ್ಲಿ ಉದ್ದನೆಯ ನೈಲಾನ್ ಹಗ್ಗವೊಂದನ್ನೂ ಎರಡು ಟ್ಯೂಬುಗಳನ್ನೂ ಹಾಕಿಕೊಳ್ಳಲಿ. ಕೆರೆಯ ಬಳಿ ಇಳಿದ ಕೂಡಲೇ ಊರವರೊಬ್ಬರನ್ನು ಕರೆದು, ‘ಎಲ್ಲಿ ಆಳ ಉಂಟು, ಎಲ್ಲಿ ಮಣ್ಣು ತೆಗೆದಿದ್ದಾರೆ, ತೂಬು ಎಲ್ಲಿದೆ ಅಣ್ಣಾ?’ ಎಂದು ಕೇಳಲಿ. ಅವರು ‘ಇಳಿಯಬೇಡಿ’ ಎಂದರೆ ಏರಿಯ ಮೇಲೆಯೇ ಕುಳಿತು ಬುತ್ತಿ ಉಣ್ಣಲಿ.